ಪರ್ವತಸ್ಥಿರತೆ ಎಂಬ ಸಂಶೋಧನೆ

ನಾಡಿ ಮೇಷ್ಟ್ರಿಗೆ ಆ ಹೆಸರಿಟ್ಟವರು ಅವರ ವಿದ್ಯಾರ್ಥಿಗಳು. ಕೈ ಕುಲುಕುವ ನೆಪದಲ್ಲಿ ಎದುರಿನವರ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗೋಡೆ ಗಡಿಯಾರ ನೋಡುತ್ತಾ ನಿಂತುಬಿಡುವ ಚಾಳಿ ಅವರದು. ಕುಶಲ ಕೇಳಿ ಮುಗಿಯುವಷ್ಟರಲ್ಲಿ ಎದುರಿನವರ ನಾಡಿ ಎಷ್ಟೆಂದು ಅವರಿಗೆ ಗೊತ್ತಾಗಿರುತ್ತಿತ್ತು, ಕುಶಲ ಮಾತ್ರ ಗೊತ್ತಾಗುತ್ತಿರಲಿಲ್ಲ. ಇದು ಮೊದಲು ಅವರ ಹೆಂಡತಿ ಹೇಳುತ್ತಿದ್ದ ಮಾತು. ಈಗ ಅವರೇ ಹೇಳಿಕೊಂಡು ನಗುತ್ತಾರೆ. ಬೇರೆಯವರು ನಗುವ ಮುಂಚೆ ತಾನೇ ನಕ್ಕುಬಿಟ್ಟರೆ ಪೆಟ್ಟು ಕಡಿಮೆ ಎಂಬುದು ಅವರು ತಡವಾಗಿ ಕಲಿತ ಪಾಠ.

ಮೇಷ್ಟ್ರು ರೋಗಿಗಳನ್ನು ನೋಡುವ ಡಾಕ್ಟರಲ್ಲ, ಡಾಕ್ಟರಾಗುವವರಿಗೆ ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ಪಾಠ ಹೇಳುವವರು. ಕಾಲೇಜು ಇದ್ದದ್ದು ಸಮುದ್ರದ ಪಕ್ಕದ ಸೆಖೆಯೂರಿನಲ್ಲಿ. ಎರಡನೇ ಮಹಡಿಯ ಮೂಲೆಯಲ್ಲಿ ಅವರದೊಂದು ಪ್ರಯೋಗಶಾಲೆ: ಒಂದು ಮಂಚ, ತಣ್ಣೀರಿನ ಬೋಗುಣಿ, ಬಿಸಿನೀರಿನ ಬಕೆಟ್ಟು, ಎದೆಗೆ ಕಟ್ಟುವ ನಾಲ್ಕಾರು ಬೆಲ್ಟುಗಳು, ಒಂದು ಲ್ಯಾಪ್‌ಟಾಪು. ಬೆಲ್ಟು ಎದೆಯ ಬಡಿತವನ್ನು ಹಿಡಿದು ಲ್ಯಾಪ್‌ಟಾಪಿಗೆ ದಾಟಿಸುತ್ತಿತ್ತು. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಎಷ್ಟು ಹೊತ್ತು ಹೋಯಿತು ಎಂದಷ್ಟೇ ಅದಕ್ಕೆ ಗೊತ್ತು, ಹೃದಯದ ಒಳಗೆ ಏನು ನಡೆದಿದೆ ಎಂಬುದು ಗೊತ್ತಿಲ್ಲ. ಈ ವಿಷಯದಲ್ಲಿ ಬೆಲ್ಟೂ ಮೇಷ್ಟ್ರೂ ಒಳ್ಳೆಯ ಜೋಡಿ.

ಕೆಲಸಕ್ಕೆ ಸೇರಿದಾಗಿನಿಂದ ಅವರು ಹಿಡಿದು ಕೂತದ್ದು ಒಂದೇ ಪ್ರಶ್ನೆ. ಊರಿನ ಎತ್ತರ, ಚಳಿ, ಸೆಖೆ ಇವೆಲ್ಲ ಹೃದಯವನ್ನು ಆಳುವ ನರಗಳನ್ನು ಏನು ಮಾಡುತ್ತವೆ? ಹೃದಯಕ್ಕೆ ಎರಡು ನರಗಳ ಕಾಟ. ಒಂದು ‘ಓಡು’ ಅನ್ನುತ್ತದೆ, ಇನ್ನೊಂದು ‘ನಿಧಾನ’ ಅನ್ನುತ್ತದೆ. ಎರಡೂ ಕಡೆ ತಲೆಯಾಡಿಸಿಕೊಂಡು, ಅತ್ತೆ ಸೊಸೆಯರ ನಡುವೆ ಸಿಕ್ಕಿಕೊಂಡ ಗಂಡಸಿನ ಹಾಗೆ ಹೃದಯ ಸಂಸಾರ ಮಾಡಬೇಕು. ಸೆಖೆಯಲ್ಲಿ ಓಡು ಅನ್ನುವ ನರದ ಕೈ ಮೇಲು. ಮುಖಕ್ಕೆ ತಣ್ಣೀರು ಬಿದ್ದರೆ ನಿಧಾನ ಅನ್ನುವುದರದ್ದು. ಕೆಳಗಿನ ಊರಿನವನು ಬೆಟ್ಟ ಹತ್ತಿದರೆ ಎದೆ ಕಿತ್ತುಕೊಂಡು ಓಡುತ್ತದೆ, ಅಲ್ಲೇ ಹುಟ್ಟಿ ಬೆಳೆದವನದು ತನ್ನ ಪಾಡಿಗೆ ತಾನಿರುತ್ತದೆ. ಇನ್ನೊಂದು ಮಾತು: ಆರೋಗ್ಯವಂತ ಹೃದಯ ಗಡಿಯಾರದ ಹಾಗೆ ಒಂದೇ ಸಮ ಬಡಿಯುವುದಿಲ್ಲ. ಉಸಿರು ಒಳಗೆ ಹೋದಾಗ ತುಸು ಬೇಗ, ಹೊರಗೆ ಬಂದಾಗ ತುಸು ನಿಧಾನ. ಈ ತೂಗಾಟ ಇದ್ದರೆ ನರಗಳ ಮಾತು ನಡೆಯುತ್ತಿದೆ ಎಂದು ಅರ್ಥ. ಇದನ್ನು ಮೇಷ್ಟ್ರು ಪ್ರತಿ ವರ್ಷ ಮೊದಲನೇ ಪಾಠದಲ್ಲೇ ಹೇಳುತ್ತಿದ್ದರು, ಪರೀಕ್ಷೆಯಲ್ಲಿ ಬರೆಯದವರಿಗೆ ಅಂಕ ಕತ್ತರಿಸುತ್ತಿದ್ದರು.

ಇಷ್ಟು ತಿಳಿದವರಿಗೆ ತಮ್ಮ ಎದೆಯ ಬಗ್ಗೆ ಮಾತ್ರ ವಿಪರೀತ ಭಯ. ಹೊಟ್ಟೆ ಉಬ್ಬರಿಸಿದರೂ ಹೃದಯ ನಿಂತೇ ಹೋಯಿತು ಎಂದು ಕೆಳಗಿನ ಮಹಡಿಯ ಹೃದಯದ ಡಾಕ್ಟರ ಹತ್ತಿರ ಓಡುತ್ತಿದ್ದರು. ಅವರಿಬ್ಬರೂ ಒಂದೇ ತರಗತಿಯಲ್ಲಿ ಓದಿದವರು. ಡಾಕ್ಟರು ತಾಳ್ಮೆಯಿಂದಲೇ ನೋಡುತ್ತಿದ್ದರು. ಒಂದು ದಿನ ತಾಳ್ಮೆ ಕೆಟ್ಟು, ವಿದ್ಯಾರ್ಥಿಗಳು ತುಂಬಿದ್ದ ಮೊಗಸಾಲೆಯಲ್ಲೇ, “ನೋಡಪ್ಪಾ, ನಿನ್ನ ಹೃದಯಕ್ಕೆ ಇರೋದು ಒಂದೇ ಕಾಯಿಲೆ, ಅದರ ಯಜಮಾನ” ಅಂದುಬಿಟ್ಟರು. ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಅವತ್ತಿನಿಂದ ಮೇಷ್ಟ್ರು ಆ ಡಾಕ್ಟರ ಜೊತೆ ಮಾತು ಬಿಟ್ಟರು. ಎದೆಯೊಳಗೆ ಅವಲಕ್ಕಿ ಕುಟ್ಟಿದಂತಾದರೂ ಸರಿ, ಆ ಬಾಗಿಲು ಮಾತ್ರ ತುಳಿಯುವುದಿಲ್ಲ ಎಂದು ಹಠ ಹಿಡಿದರು.

ಮೇಷ್ಟ್ರು ಹುಟ್ಟಿದ್ದು ಮಾತ್ರ ಬೆಟ್ಟದ ಮೇಲಿನ ಊರಿನಲ್ಲಿ. ಅಲ್ಲಿ ಅವರ ಅಕ್ಕನ ಬೇಕರಿ ಇತ್ತು. ಅಪ್ಪ ಅಮ್ಮ ಬೇಗ ಹೋದ ಮೇಲೆ ಇವರನ್ನು ಸಾಕಿ, ಓದಿಸಿ, ಬೆಟ್ಟ ಇಳಿಸಿ ಕಾಲೇಜಿಗೆ ಕಳಿಸಿದವಳು ಅಕ್ಕ. ಮೇಷ್ಟ್ರಿಗೆ ಐವತ್ತು ದಾಟಿ ತಲೆ ಬೋಳಾದರೂ ಅವಳ ಬಾಯಲ್ಲಿ ಅವರು ಪುಟ್ಟನೇ.

“ಲೋ ಪುಟ್ಟ, ಒಲೆ ಹತ್ರ ಬಗ್ಗಿ ಎದ್ರೆ ಕಣ್ಣು ಕತ್ತಲೆ ಬರುತ್ತೆ ಕಣೋ” ಎಂದು ಅವಳು ಒಂದು ಬೆಳಿಗ್ಗೆ ಫೋನು ಮಾಡಿದಳು.

ಮೇಷ್ಟ್ರು ಹಿಗ್ಗಿಹೋದರು. “ಅದು ಹವೆ ಅಕ್ಕ. ನಿನ್ನ ಎದುರಿಗೆ ಒಲೆ, ಬೆನ್ನ ಹಿಂದೆ ಚಳಿ. ಮುಂದೆ ಬೇಸಿಗೆ, ಹಿಂದೆ ಚಳಿಗಾಲ. ಯಾರ ಮಾತು ಕೇಳ್ಬೇಕು ಅಂತ ನಿನ್ನ ನರಗಳಿಗೆ ಗೊತ್ತಾಗ್ತಿಲ್ಲ, ಅಷ್ಟೆ.”

“ಅಷ್ಟೇನಾ?”

“ಅಷ್ಟೆ. ರಜಕ್ಕೆ ಬರ್ತೀನಲ್ಲ, ಬೆಲ್ಟು ತರ್ತೀನಿ.”

ಆಮೇಲೂ ಅವಳು ಒಂದೆರಡು ಸಲ ಫೋನು ಮಾಡಿ ಏನೋ ಹೇಳಿದಳು. ಮೇಷ್ಟ್ರು ಆಗ ಬೆಟ್ಟದವರ ನಾಡಿಯ ಲೆಕ್ಕದಲ್ಲಿ ಮುಳುಗಿದ್ದರು, ಹೂಂಗುಟ್ಟಿದರು. ರಜೆಯಲ್ಲಿ ಬೆಲ್ಟುಗಳ ಚೀಲ ಹೊತ್ತು ಬೆಟ್ಟ ಹತ್ತಿದರು. ಬೀದಿಯ ಹೊಲಿಗೆಯವನು, ಅಂಚೆಯವಳು, ಶಾಲೆಯ ಕಾವಲುಗಾರ ಎಲ್ಲರಿಗೂ ಬೆಲ್ಟು ಕಟ್ಟಿದರು. ಅವರ ನಾಡಿಯೆಲ್ಲ ನಿಮಿಷಕ್ಕೆ ಅರವತ್ತರ ಆಸುಪಾಸು. ಕೊನೆಗೆ ಬೇಕರಿಯ ಹಿಂದಿನ ಕೋಣೆಯಲ್ಲಿ, ಹಿಟ್ಟಿನ ಚೀಲಗಳ ನಡುವೆ ಅಕ್ಕನಿಗೂ ಕಟ್ಟಿ ನೋಡಿದರೆ, ಮೂವತ್ತೆಂಟು.

ಬೇರೆ ಯಾರಾದರೂ ಆಗಿದ್ದರೆ ಗಾಬರಿಯಾಗುತ್ತಿದ್ದರು. ಮೇಷ್ಟ್ರಿಗೆ ಗಾಬರಿ ಮೀಸಲಿದ್ದದ್ದು ತಮ್ಮ ಎದೆಗೆ ಮಾತ್ರ. ಇಷ್ಟು ವರ್ಷ ಹುಡುಕುತ್ತಿದ್ದ ಅಪ್ಪಟ ಬೆಟ್ಟದ ಹೃದಯ ತಮ್ಮ ಮನೆಯಲ್ಲೇ ಸಿಕ್ಕಿತಲ್ಲ ಎಂದು ಅವರಿಗೆ ಖುಷಿಯೋ ಖುಷಿ. ಅಂಗೈಯಲ್ಲಿರುವ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ಮೇಷ್ಟ್ರು ಕನ್ನಡಿಯನ್ನೂ ಹಿಡಿದರು, ಹುಣ್ಣನ್ನೂ ಕಂಡರು, ಕಂಡು ಅದನ್ನು ಒಡವೆ ಅಂದುಕೊಂಡರು.

“ಅಕ್ಕ, ಒಂದು ತಿಂಗಳು ನಮ್ಮನೇಗೆ ಬಾ” ಅಂದರು. ಅದೇ ಹೃದಯ ಕೆಳಗಿನ ಸೆಖೆಯಲ್ಲಿ ಏನು ಮಾಡುತ್ತದೆ ಎಂದು ನೋಡಬೇಕಿತ್ತು.

ಅಕ್ಕನ ಕಣ್ಣಲ್ಲಿ ನೀರಾಡಿತು. “ಕರೀತೀಯೋ ಇಲ್ವೋ ಅಂದ್ಕೊಂಡಿದ್ದೆ ಕಣೋ” ಅಂದಳು. ಒಲೆಯನ್ನು ಕೆಲಸದವಳಿಗೆ ಒಪ್ಪಿಸಿ, ಒಂದು ಪೆಟ್ಟಿಗೆ ಹಿಡಿದು ತಮ್ಮನ ಹಿಂದೆ ಬೆಟ್ಟ ಇಳಿದಳು.

ಪ್ರಯೋಗ ಶುರುವಾಯಿತು. ಬೋಗುಣಿಯ ತಣ್ಣೀರಿಗೆ ಮುಖ ಅದ್ದಿಸಿದರು, ಎಲ್ಲರ ಬಡಿತವೂ ಇಳಿಯಬೇಕು. ಅಕ್ಕನದು ಮೂವತ್ತೆಂಟು. ಬಕೆಟ್ಟಿನ ಬಿಸಿನೀರಲ್ಲಿ ಕಾಲಿಡಿಸಿದರು, ಏರಬೇಕು. ಮೂವತ್ತೆಂಟು. ಮಲಗಿದ್ದವಳನ್ನು ಎಬ್ಬಿಸಿ ನಿಲ್ಲಿಸಿದರು, ಮೆಟ್ಟಿಲು ಹತ್ತಿಸಿದರು. ಅಕ್ಕ ಏದುಸಿರು ಬಿಡುತ್ತಾ ಅರ್ಧಕ್ಕೇ ಕೂತಳು, ಲ್ಯಾಪ್‌ಟಾಪಿನಲ್ಲಿ ಮಾತ್ರ ಅದೇ ಅಂಕಿ. ಉಸಿರಿಗೆ ತಕ್ಕ ತೂಗಾಟ ಇದೆಯೇ ಎಂದು ನೋಡಿದರೆ, ಗೆರೆ ಹಾಸಿದ ಹಾಗೆ ಮಟ್ಟಸ.

ಇಲ್ಲಿ ಮೇಷ್ಟ್ರಿಗೆ ಒಂದು ಕ್ಷಣ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗಾಯಿತು. ನಿಧಾನ ಅನ್ನುವ ನರದಿಂದಲೇ ಬಡಿತ ಇಳಿದಿದ್ದರೆ ತೂಗಾಟ ಜಾಸ್ತಿ ಇರಬೇಕು. ಮೊದಲನೇ ಪಾಠ. ಮೇಷ್ಟ್ರು ಎದ್ದು ಕಿಟಕಿಯ ತನಕ ಹೋಗಿ ಬಂದರು. ಬರುವಾಗ ಆ ವಿಚಿತ್ರಕ್ಕೆ ಹೆಸರಿಟ್ಟುಕೊಂಡೇ ಬಂದರು: ಪರ್ವತಸ್ಥಿರತೆ. ಬೆಟ್ಟದ ಹವೆಯಲ್ಲಿ ಪಳಗಿದ ಹೃದಯ ಚಳಿಗೂ ಬಗ್ಗುವುದಿಲ್ಲ, ಸೆಖೆಗೂ ಜಗ್ಗುವುದಿಲ್ಲ! ಗೊತ್ತಿಲ್ಲದ್ದಕ್ಕೆ ಒಂದು ಹೆಸರಿಟ್ಟರೆ ಅರ್ಧ ಗೊತ್ತಾದ ಹಾಗೆ ಅನಿಸುತ್ತದೆ, ಸಂಸ್ಕೃತದ ಹೆಸರಿಟ್ಟರೆ ಪೂರ್ತಿ ಗೊತ್ತಾದ ಹಾಗೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನಾದರೂ ವಾಸಿ. ಮೇಷ್ಟ್ರು ಮೂರು ಕಾಲಿನ ಮೊಲಗಳದ್ದೇ ಹೊಸ ಜಾತಿ ಮಾಡಿ ಸಮ್ಮೇಳನಕ್ಕೆ ಬರೆದು ಕಳಿಸಿದರು. ಮಂಡಿಸಿ ಎಂದು ಒಪ್ಪಿಗೆಯೂ ಬಂತು.

ಅವರ ಹೆಂಡತಿಗೆ ಕನ್ನಡಕದ ಅಂಗಡಿ. ದಿನವಿಡೀ ಕಾಣದವರಿಗೆ ಕಾಣಿಸುವ ಕೆಲಸ ಮಾಡಿ ಮನೆಗೆ ಬಂದರೆ ಅಲ್ಲೂ ಅದೇ ಪಾಡು.

“ರೀ, ಅತ್ತಿಗೆ ಸ್ನಾನದ ಮನೆಯಿಂದ ಬರ್ತಾ ಗೋಡೆ ಹಿಡ್ಕೊಂಡು ನಿಂತಿದ್ರು” ಅಂದಳು ಒಂದು ಸಂಜೆ. “ಪಾದ ಬೇರೆ ಊದಿಕೊಂಡಿದೆ. ಕೆಳಗಿನ ಮಹಡಿ ಡಾಕ್ಟರಿಗೆ ಒಂದ್ಸಲ ತೋರಿಸಿ.”

“ಅವನಿಗಾ?”

“ಇನ್ಯಾರಿಗೆ? ನನಗೆ ಕಣ್ಣಿನ ನಂಬರು ಗೊತ್ತು, ಎದೆ ನಂಬರು ಗೊತ್ತಿಲ್ಲ.”

“ಹೊಸ ಹವೆ. ಒಗ್ಗಬೇಕು” ಅಂದರು ಮೇಷ್ಟ್ರು. ಅಕ್ಕನನ್ನು ಕರೆದುಕೊಂಡು ಹೋದರೆ ಆ ಮನುಷ್ಯನ ಎದುರಿಗೆ ಕುರ್ಚಿಯಲ್ಲಿ ಕೂರಬೇಕು, ಅವನು ಹುಬ್ಬು ಹಾರಿಸುತ್ತಾನೆ. ನಿಜ ಹೇಳಬೇಕೆಂದರೆ ಅಕ್ಕನ ಪ್ರಾಣ ಆ ಹೊತ್ತು ಆ ಹುಬ್ಬಿನ ಮೇಲೆ ನಿಂತಿತ್ತು. ಇದು ಹೆಂಡತಿಗೆ ಅರ್ಧ ಗೊತ್ತಿತ್ತು, ಮೇಷ್ಟ್ರಿಗೆ ಒಂಚೂರೂ ಗೊತ್ತಿರಲಿಲ್ಲ.

ಸಮ್ಮೇಳನಕ್ಕೆ ಮುಂಚಿನ ಭಾನುವಾರ ಮಧ್ಯಾಹ್ನ ಮನೆಯಲ್ಲೇ ತಾಲೀಮು. ಪರದೆ ಎಳೆದು, ಕಾಲೇಜಿನಿಂದ ತಂದ ಪ್ರೊಜೆಕ್ಟರಿನ ಬೆಳಕನ್ನು ನಡುಮನೆಯ ಗೋಡೆಗೆ ಬಿಟ್ಟರು. ಮೇಷ್ಟ್ರು ಭಾಷಣ ಅಂದರೆ ಎದೆ ಹೊಡೆದುಕೊಳ್ಳುವ ಪ್ರಾಣಿ, ಅದಕ್ಕೇ ಸ್ವತಃ ಒಂದು ಬೆಲ್ಟು ಕಟ್ಟಿಕೊಂಡಿದ್ದರು. ಅಕ್ಕನಿಗೂ ಒಂದು ಕಟ್ಟಿದ್ದರು. ಲ್ಯಾಪ್‌ಟಾಪಿನ ಮೂಲೆಯಲ್ಲಿ ಎರಡು ಅಂಕಿಗಳು ಪಕ್ಕಪಕ್ಕ ಮಿನುಗುತ್ತಿದ್ದವು. ಸಭಿಕರು ಇಬ್ಬರೇ: ಸೋಫಾದ ಮೇಲೆ ಅಕ್ಕ, ಅವಳ ಪಕ್ಕದಲ್ಲಿ ಬಟಾಣಿ ಸುಲಿಯುತ್ತಾ ಹೆಂಡತಿ.

ಗೋಡೆಯ ಮೇಲೆ ಒಬ್ಬೊಬ್ಬರ ನಾಡಿಗೆ ಒಂದೊಂದು ಕಪ್ಪು ಚುಕ್ಕೆಯಿಟ್ಟ ಪಟ ಬಂತು. ಎಲ್ಲಕ್ಕಿಂತ ಕೆಳಗೆ, ಒಂಟಿಯಾಗಿ, ಒಂದು ಕೆಂಪು ಚುಕ್ಕೆ.

“ಇದು ನೀನು ಅಕ್ಕ” ಅಂದರು ಮೇಷ್ಟ್ರು, ಮಗು ಚಿತ್ರ ಬರೆದು ತೋರಿಸುವ ಹಾಗೆ.

ಅಕ್ಕ ತುಂಬ ಹೊತ್ತು ನೋಡಿದಳು. “ಇದು ನಾನಾ?”

“ಹೂಂ. ಇಡೀ ಪಟಕ್ಕೆ ನೀನೇ ಮುಖ್ಯ.”

“ಪುಟ್ಟ, ನಾನು ಎಲ್ಲಿ ಬಿದ್ದೆ ಹೇಳು.”

“ಬಿದ್ದೆಯಾ? ಯಾವಾಗ?”

“ಫೋನಲ್ಲಿ ಹೇಳಿದ್ನಲ್ಲ. ನೀನು ಹೂಂ ಹೂಂ ಅಂತಿದ್ದೆ.” ಅವಳ ದನಿ ಇನ್ನೂ ಸಮವಾಗೇ ಇತ್ತು. “ಒಲೆ ಬಾಗಿಲು ತೆಗೆದು ತಟ್ಟೆ ಎಳೀತಿದ್ದೆ. ಕಣ್ಣು ಬಿಟ್ರೆ ಹಿಟ್ಟಿನ ಚೀಲದ ಮೇಲಿದೀನಿ. ಈ ಕಡೆ ಬೀಳೋ ಬದಲು ಆ ಕಡೆ ಬಿದ್ದಿದ್ರೆ ತಲೆ ಒಲೆ ಒಳಗಿರ್ತಿತ್ತು. ನೋಡಿಲ್ಲಿ.”

ರವಿಕೆಯ ಉದ್ದ ತೋಳು ಮೇಲಕ್ಕೆ ಸರಿಸಿದಳು. ಮುಂಗೈ ಮೇಲೆ ಉದ್ದಕ್ಕೆ ಸುಟ್ಟ ಗಾಯ, ಇನ್ನೂ ಸರಿಯಾಗಿ ಮಾಗಿರಲಿಲ್ಲ. ಅದಕ್ಕಿಂತ ಒಂದು ಬೆರಳಗಲ ಕೆಳಗೆ ಮೇಷ್ಟ್ರು ದಿನಾ ನಾಡಿ ಹಿಡಿಯುತ್ತಿದ್ದರು.

“ನೀನು ಬಾ ಅಂದಾಗ ನಾನೇನಂದ್ಕೊಂಡೆ ಗೊತ್ತಾ? ತಮ್ಮ ದೊಡ್ಡ ಕಾಲೇಜಲ್ಲಿದಾನೆ, ಹೆದರಿಕೊಂಡಿದೀನಿ ಅಂತ ಗೊತ್ತಾಯ್ತು ಅವನಿಗೆ, ಕರ್ಕೊಂಡು ಹೋಗ್ತಿದಾನೆ ಅಂದ್ಕೊಂಡೆ. ಬಂದ್ರೆ ಬೋಗುಣಿಗೆ ಮುಖ ಹಾಕು, ಬಕೆಟ್ಟಿಗೆ ಕಾಲು ಹಾಕು, ಮೆಟ್ಟಿಲು ಹತ್ತು, ಇಳಿ. ಕೋತಿ ಆಡಿಸಿದ ಹಾಗೆ. ಹೇಗಿದೀಯಾ ಅಂತ ಒಂದು ಮಾತು ಕೇಳಿದೀಯೇನೋ ನೀನು? ರಾತ್ರಿ ಮಲಗೋಕೆ ಭಯ ಆಗುತ್ತೆ ಕಣೋ ನನಗೆ. ಬೆಳಿಗ್ಗೆ ಏಳ್ತೀನೋ ಇಲ್ವೋ ಅಂತ. ನಿನಗೆ ಜ್ವರ ಬಂದಾಗ ಅಂಗಡಿ ಬಾಗಿಲು ಹಾಕಿ ಕೂರ್ತಿದ್ದೆ ನಾನು. ನೀನು ನನ್ನ ಚುಕ್ಕೆ ಮಾಡಿ ಗೋಡೆಗೆ ಅಂಟಿಸಿದೀಯಾ.”

ಕೊನೆಯ ಮಾತಿಗೆ ದನಿ ಒಡೆಯಿತು. ಅಕ್ಕ ನಡುಗುತ್ತಿದ್ದಳು. ಮುಖ ಕೆಂಪಾಗಿ, ಕಣ್ಣೀರು ಗಲ್ಲದ ತನಕ ಇಳಿದಿತ್ತು. ಹೆಂಡತಿ ಬಟಾಣಿ ಬುಟ್ಟಿ ಕೆಳಗಿಟ್ಟು ಅತ್ತಿಗೆಯ ಬೆನ್ನ ಮೇಲೆ ಕೈಯಿಟ್ಟಳು.

ಮೇಷ್ಟ್ರಿಗೆ ಅಕ್ಕನ ಮುಖ ನೋಡಲಾಗಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದರು. ತಗ್ಗಿಸಿದ ತಲೆ ಅಭ್ಯಾಸಬಲದಿಂದ ಲ್ಯಾಪ್‌ಟಾಪಿನ ಮೇಲೆ ನಿಂತಿತು. ತಮ್ಮ ಅಂಕಿ ನೂರಿಪ್ಪತ್ತನಾಲ್ಕು. ಅಕ್ಕನದು ಮೂವತ್ತೆಂಟು.

ಒಂದು ಸಲ ಕಣ್ಣುಜ್ಜಿಕೊಂಡರು. ಮೂವತ್ತೆಂಟು.

ಚಳಿಗೆ ಬಗ್ಗದಿದ್ದರೆ ಬೆಟ್ಟದ ಗುಣ ಅನ್ನಬಹುದು. ಸೆಖೆಗೆ ಜಗ್ಗದಿದ್ದರೂ ಹಾಗೇ ಏನೋ ಒಂದು ಹೊಂದಿಸಿ ಹೇಳಬಹುದು, ಹೇಳಿದ್ದೂ ಆಗಿತ್ತು. ಆದರೆ ಎತ್ತಿ ಆಡಿಸಿದ ತಮ್ಮನ ಮೇಲೆ ಇಷ್ಟು ಸಿಟ್ಟು, ಇಷ್ಟು ಸಂಕಟ ಉಕ್ಕಿ ಬಂದಾಗಲೂ ಒಂದು ಹೆಜ್ಜೆ ಹೆಚ್ಚು ಹಾಕದ ಹೃದಯ ಯಾವ ಬೆಟ್ಟದ್ದೂ ಅಲ್ಲ. ಅದು ನರಗಳಿಗೆ ಬಗ್ಗದ ಹೃದಯವಲ್ಲ, ನರಗಳ ಮಾತು ಕಿವಿಗೆ ಬೀಳದ ಹೃದಯ. ಅದಕ್ಕೆ ತೂಗಾಟವಿಲ್ಲ. ಮೊದಲನೇ ಪಾಠ. ಪರ್ವತಸ್ಥಿರತೆ ಎಂದು ಉತ್ತರ ಬರೆದವನಿಗೆ ಮೇಷ್ಟ್ರು ತಾವೇ ಸೊನ್ನೆ ಕೊಡುತ್ತಿದ್ದರು.

“ಅಕ್ಕ” ಅಂದರು. “ಅಕ್ಕ, ಮಾತಾಡಬೇಡ. ಏಳಬೇಡ. ನಾನು... ನಾನೊಬ್ಬ ಕತ್ತೆ.”

“ಅದು ಈಗ ಗೊತ್ತಾಯ್ತಾ?” ಅಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತಾ.

ಹೆಂಡತಿ ಆಗಲೇ ಕಾರಿನ ಕೀಲಿ ಹುಡುಕುತ್ತಿದ್ದಳು. ಮೇಷ್ಟ್ರು ಡಾಕ್ಟರಿಗೆ ಫೋನು ಮಾಡಿದರು. ಆ ಕಡೆಯಿಂದ, “ಏನಪ್ಪಾ, ಮತ್ತೆ ಎದೆ ನೋವಾ?” ಅಂತ ಬಂತು. “ನನಗಲ್ಲ, ಅಕ್ಕನಿಗೆ. ಬಾರೋ, ನಿನ್ನ ಕಾಲಿಗೆ ಬೀಳ್ತೀನಿ” ಅಂದರು. ಮಾತು ಬಿಟ್ಟವರು ಮತ್ತೆ ಮಾತಾಡಲು ಇಷ್ಟೇ ಸಾಕಾಯಿತು. ಇಷ್ಟು ಸುಲಭ ಎಂದು ಮೊದಲೇ ಗೊತ್ತಿದ್ದರೆ ಎಂದುಕೊಳ್ಳುತ್ತಾ ಮೇಷ್ಟ್ರು ಅಕ್ಕನ ಚಪ್ಪಲಿ ತಂದು ಅವಳ ಕಾಲ ಬಳಿ ಇಟ್ಟರು.

ಡಾಕ್ಟರು ಭಾನುವಾರವೆಂದೂ ನೋಡದೆ, ಮನೆಯ ಚಪ್ಪಲಿಯಲ್ಲೇ ಆಸ್ಪತ್ರೆಗೆ ಬಂದರು. ಅಕ್ಕನ ಎದೆಗೂ ಕೈಕಾಲಿಗೂ ತಂತಿ ಅಂಟಿಸಿದರು. ಗೆರೆಯ ಕಾಗದ ಯಂತ್ರದಿಂದ ಇಳಿಯತೊಡಗಿತು. ಮೇಷ್ಟ್ರು ತಲೆದಿಂಬಿನ ಹತ್ತಿರ ನಿಂತು, “ತಪ್ಪಾಯ್ತು ಅಕ್ಕ, ತಪ್ಪಾಯ್ತು” ಎಂದು ಜಪ ಮಾಡುತ್ತಿದ್ದರು. “ಸುಮ್ನಿರು ನೀನು, ನಿನ್ನ ದನಿ ಕೇಳಿದ್ರೇ ಉರಿಯುತ್ತೆ” ಎಂದು ಅವಳು ಗೋಡೆ ಕಡೆ ತಿರುಗಿದಳು.

ಡಾಕ್ಟರು ಕಾಗದ ಹಿಡಿದುಕೊಂಡು ಮೇಷ್ಟ್ರನ್ನು ಕಿಟಕಿಯ ಬಳಿ ಕರೆದರು. ಹುಬ್ಬು ಹಾರಿಸಲಿಲ್ಲ.

“ಇಲ್ನೋಡು. ಹೃದಯದ ಮೇಲಿನ ಕೋಣೆ ಬಡೀತಿದೆ. ಕೆಳಗಿನ ಕೋಣೆಗೆ ಅದು ಕೇಳಿಸ್ತಾನೇ ಇಲ್ಲ. ನಡುವಿನ ದಾರಿ ಪೂರ್ತಿ ಕಡಿದುಹೋಗಿದೆ. ಕೆಳಗಿನದು ಪಾಪ, ಯಾರ ಸುದ್ದೀನೂ ಬಾರದೆ ತನ್ನಷ್ಟಕ್ಕೆ ಮೂವತ್ತೆಂಟು ಹೊಡ್ಕೊಂಡು ಕೂತಿದೆ. ನಿನ್ನ ಬೆಲ್ಟಿಗೆ ಕೇಳಿಸ್ತಿದ್ದಿದ್ದು ಇದೊಂದೇ.”

“ಮೇಲಿನದು ಎಷ್ಟಿದೆ?”

ಡಾಕ್ಟರು ಗೆರೆಗಳ ಮೇಲೆ ಬೆರಳಾಡಿಸಿದರು. “ನೂರಾ ಹತ್ತು. ನಿನ್ನ ಮೇಲೆ ತುಂಬಾ ಸಿಟ್ಟಲ್ಲಿದಾರೆ ಅನ್ಸುತ್ತೆ.”

ಮೇಷ್ಟ್ರು ಆ ಕಾಗದ ಹಿಡಿದುಕೊಂಡು ಅತ್ತುಬಿಟ್ಟರು. ಅಕ್ಕನ ಎದೆ ಬೆಟ್ಟದ ಹಾಗೆ ಕೂತಿರಲಿಲ್ಲ. ಅದು ಓಡಿತ್ತು. ತಣ್ಣೀರಿಗೆ, ಬಿಸಿನೀರಿಗೆ, ಮೆಟ್ಟಿಲಿಗೆ, ತಮ್ಮನ ಮೂರ್ಖತನಕ್ಕೆ, ಎಲ್ಲಕ್ಕೂ ಮೇಲಿನ ಕೋಣೆಯಲ್ಲಿ ಒಂದೇ ಸಮ ಬಾಗಿಲು ಬಡಿದುಕೊಂಡಿತ್ತು. ಕೇಳುವವರು ಇರಲಿಲ್ಲ, ಅಷ್ಟೆ.

“ಕೆಳಗಿನದು ಯಾವಾಗ ಬೇಕಾದ್ರೂ ನಿಲ್ಲಬಹುದಿತ್ತು” ಅಂದರು ಡಾಕ್ಟರು ಮೆಲ್ಲಗೆ. “ಮೆಟ್ಟಿಲು ಹತ್ತಿಸ್ತಿದ್ಯಂತೆ?”

“ಹತ್ತಿಸ್ತಿದ್ದೆ.”

ಡಾಕ್ಟರು ಕಾಗದವನ್ನು ಅವರ ಕೈಯಿಂದ ಬಿಡಿಸಿಕೊಂಡು ಮಡಿಸಿದರು. ಅವರು ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವತ್ತೇ ತಾತ್ಕಾಲಿಕವಾಗಿ, ಹೃದಯವನ್ನು ಬಡಿಸುವ ಒಂದು ತಂತಿಯನ್ನು ರಕ್ತನಾಳದೊಳಗಿಂದ ಇಳಿಸಿದರು. ಎರಡು ದಿನ ಬಿಟ್ಟು ಅಕ್ಕನ ಹೆಗಲ ಕೆಳಗೆ ಪುಟ್ಟ ಪೆಟ್ಟಿಗೆಯ ಪೇಸ್‌ಮೇಕರು ಕೂತಿತು. ಮೇಲಿನ ಕೋಣೆ ಹೇಳಿದ್ದನ್ನು ಕೇಳಿಸಿಕೊಂಡು ಕೆಳಗಿನ ಕೋಣೆಗೆ ಮುಟ್ಟಿಸುವುದೊಂದೇ ಅದರ ಕೆಲಸ. ಸಮ್ಮೇಳನದ ವೇದಿಕೆಯಲ್ಲಿ ಮೇಷ್ಟ್ರ ಹೆಸರು ಕೂಗಿದ ಹೊತ್ತಿಗೆ ಮೇಷ್ಟ್ರು ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಬರಲಾಗುವುದಿಲ್ಲ, ಪರ್ವತಸ್ಥಿರತೆ ಎಂಬುದು ಇಲ್ಲ, ಇದ್ದದ್ದು ಮಂಡಿಸುವವನ ಬುದ್ಧಿಯ ಸ್ಥಿರತೆ ಎಂದು ಹಿಂದಿನ ದಿನವೇ ಬರೆದು ಕಳಿಸಿದ್ದರು. ಸಂಘಟಕರಿಗೆ ಅದು ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ. ಬೆಂಚಿನ ಮೇಲೆ ಕೂತವರಿಗೆ ತಮ್ಮ ಎದೆ ಎಷ್ಟು ಬಡಿಯುತ್ತಿದೆ ಎಂದು ನೋಡಿಕೊಳ್ಳಬೇಕು ಎಂಬುದೇ ಆ ಇಡೀ ಬೆಳಿಗ್ಗೆ ನೆನಪಾಗಲಿಲ್ಲ.

ಮರುದಿನ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಕೆನ್ನೆಗೆ ಬಣ್ಣ ಬಂದಿತ್ತು. ಮೇಷ್ಟ್ರು ಒಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು, ಸುಟ್ಟ ಗಾಯಕ್ಕೆ ತಾಗದ ಹಾಗೆ ಅವಳ ಕೈಯನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡರು.

“ಹೇಗಿದೀಯಾ ಅಕ್ಕ?”

ಅಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿದಳು. “ಯಾರು ಹೇಳಿಕೊಟ್ರು ಈ ಪ್ರಶ್ನೆ? ಹೆಂಡ್ತಿನಾ?”

“ಹೂಂ.”

“ಅಷ್ಟಾದ್ರೂ ಕಲಿತೆಯಲ್ಲ. ಬೆಳಗಿಂದ ಏನಾದ್ರೂ ತಿಂದೆಯಾ? ಇಲ್ಲ ತಾನೆ? ಮುಖ ನೋಡು, ಸುಟ್ಟ ಬನ್ನಿನ ಹಾಗಿದೆ. ಅಂಗಿ ಗುಂಡಿ ಮೇಲೆ ಕೆಳಗೆ ಹಾಕ್ಕೊಂಡಿದೀಯಾ. ಈ ಅವತಾರದಲ್ಲಿ ಪಾಠ ಹೇಳ್ತೀಯಾ ಮಕ್ಕಳಿಗೆ? ನಿನ್ನ ಕಳಿಸಿದ್ದು ಓದು ಅಂತ, ಬುದ್ಧಿ ಅಡ ಇಟ್ಟು ಬಾ ಅಂತಲ್ಲ. ನಾನು ಸತ್ತಿದ್ರೆ ಏನೋ ಮಾಡ್ತಿದ್ದೆ ನೀನು? ಹೇಳು, ಏನು ಮಾಡ್ತಿದ್ದೆ?”

ಬೈಯುತ್ತಾ ಬೈಯುತ್ತಾ ಅವಳ ದನಿ ಏರಿತು. ಮೇಷ್ಟ್ರ ಎರಡು ಬೆರಳುಗಳ ಕೆಳಗೆ ನಾಡಿಯೂ ಏರಿತು. ಮೊದಲು ಸಮಾಧಾನವಾಗಿ ನಡೆಯುತ್ತಿದ್ದದ್ದು, ಗುಂಡಿಯ ಹತ್ತಿರ ಬರುವಷ್ಟರಲ್ಲಿ ಬಿರುಸಾಗಿ, ಸತ್ತಿದ್ದರೆ ಅನ್ನುವಾಗ ಓಡಿತು. ಎದುರಿನ ಗೋಡೆಯ ಮೇಲೆ ಗಡಿಯಾರವಿತ್ತು. ಮೇಷ್ಟ್ರು ಅದರ ಕಡೆ ನೋಡಲಿಲ್ಲ, ಅಕ್ಕನ ಮುಖವನ್ನೇ ನೋಡುತ್ತಿದ್ದರು. ಅವರ ಕನ್ನಡಕ ಮಂಜಾಗಿತ್ತು.

ಅಕ್ಕನಿಗೆ ಆಮೇಲೆ ಆ ಬೆರಳುಗಳ ಮೇಲೆ ಗಮನ ಬಿತ್ತು. “ಶುರು ಮಾಡಿದ್ಯಾ ಮತ್ತೆ? ಎಷ್ಟಿದೆ ಹೇಳು, ಗೋಡೆಗೆ ಅಂಟಿಸ್ಕೋ.”

“ಎಣಿಸ್ಲಿಲ್ಲ ಅಕ್ಕ” ಅಂದರು ಮೇಷ್ಟ್ರು. “ಇನ್ನೊಂದು ಸ್ವಲ್ಪ ಬೈಯಿ.”